ಹಣ್ಣಾಗಲೆಂದು ಕಾಯಬೇಡಿ: ಕಣ್ಣು ಅಡಿಕೆಗೊನೆಯಲ್ಲ

ಬೋರ್ಡೋ ದ್ರಾವಣದ ಚೂರಿ ಪರೀಕ್ಷೆ ನಮಗೆಲ್ಲ ಗೊತ್ತಿರುವುದೇ. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿನಲ್ಲಿ ಕೆಂಪು ಕಲೆ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಕಲೆ ಇಲ್ಲದಿದ್ದರೆ ಮದ್ದು ಬಿಡಲು ತಯಾರು. 35 ವರ್ಷ ಈ ಪರೀಕ್ಷೆ ಮಾಡಿದವ ನಾನು.

2022ರ ಮೇ ಕೊನೆಯಲ್ಲಿಯೂ ಮಾಡಿದೆ. ಚೂರಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಕಲೆ ಕಾಣಲಿಲ್ಲ. "ಸರಿ ಉಂಟು, ಬಿಡಿ" ಎಂದೆ. ಎರಡು ಡ್ರಮ್ಮು ಮದ್ದು ಮರಕ್ಕೇರಿತು. ಚಾ ತಂದ ಹೆಂಡತಿ ಕಟ್ಟೆಯ ಮೇಲಿದ್ದ ಚೂರಿ ನೋಡಿ, "ಇದೆಂತದು, ಅಲಗು ಕೆಂಪಾಗಿದೆಯಲ್ಲ?" ಎಂದಳು. ನಾನು ಮತ್ತೆ ನೋಡಿದೆ. ನನಗೆ ಆಗಲೂ ಕಾಣಲಿಲ್ಲ. ಸುಣ್ಣದಲ್ಲಿ ಸತ್ವ ಇರಲಿಲ್ಲ. ಅಷ್ಟೂ ಮರಗಳ ನಳ್ಳಿ ವಾರದೊಳಗೆ ಕರಟಿ ಉದುರಿದವು.

ಉದುರಿದ ನಳ್ಳಿ ಗುಡಿಸುವಾಗ ನನಗೆ ಖಾತ್ರಿಯಾಯಿತು. ತಪ್ಪು ಸುಣ್ಣದ್ದು ಮಾತ್ರ ಅಲ್ಲ, ಕಣ್ಣಿನದ್ದು.

ಮೊದಲೇ ಕಂಡ ಸೂಚನೆಗಳು

ಹಿಂದಿನ ಎರಡು ವರ್ಷಗಳನ್ನು ನೆನಪಿಸಿಕೊಂಡರೆ ಸೂಚನೆ ಬೇಕಾದಷ್ಟಿತ್ತು. ನಾನು ಒಂದೊಂದಕ್ಕೂ ಒಂದೊಂದು ಕಾರಣ ಕಟ್ಟುತ್ತಿದ್ದೆ.

ಚಾಲಿ ಎಷ್ಟು ಒಣಗಿಸಿದರೂ ಬಿಳುಪು ಬರುವುದಿಲ್ಲ ಎನಿಸುತ್ತಿತ್ತು. ಮೋಡದ ಬಿಸಿಲು ಅಂದುಕೊಂಡೆ. ರಾತ್ರಿ ಬೈಕಿನಲ್ಲಿ ಬರುವಾಗ ಎದುರಿನ ವಾಹನದ ಲೈಟು ಕಣ್ಣಿಗೆ ಒಡೆದ ಹಾಗೆ ಚದುರುತ್ತಿತ್ತು. ಈಗಿನ ಲೈಟುಗಳೇ ಹಾಗೆ ಅಂದುಕೊಂಡೆ. ಅಂಗಳದ ಬಿಸಿಲಿನಲ್ಲಿ ಮಂಜು ಮಂಜು, ತೋಟದ ನೆರಳಿನಲ್ಲಿ ಪರವಾಗಿಲ್ಲ. ಹುಣ್ಣಿಮೆಯ ಚಂದ್ರ ಎರಡು ಮೂರಾಗಿ ಕಾಣುತ್ತಿದ್ದ.

ಇನ್ನೊಂದು ತಮಾಷೆ ಉಂಟು. 15 ವರ್ಷದಿಂದ ಪೇಪರ್ ಓದಲು ಕನ್ನಡಕ ಬೇಕಿತ್ತು. ಒಮ್ಮೆ ಕನ್ನಡಕ ಇಲ್ಲದೆಯೇ ಅಕ್ಷರ ಕಂಡಿತು. "ನನ್ನ ಕಣ್ಣು ಪ್ರಾಯಕ್ಕೆ ಬಂತು ಮಾರಾಯ್ರೆ" ಎಂದು ನೆರೆಯವರಲ್ಲಿ ಕೊಚ್ಚಿಕೊಂಡೆ. ಅದೂ ಪೊರೆಯ ಸೂಚನೆಯೇ ಎಂದು ಆಮೇಲೆ ತಿಳಿಯಿತು. ಕಣ್ಣಿನೊಳಗಿನ ಮಸೂರದ ತಿರುಳು ಗಟ್ಟಿಯಾಗುತ್ತ ಬಂದರೆ ಅದರ ಪವರ್ ಹೆಚ್ಚುತ್ತದೆ. ಆಗ ಹತ್ತಿರದ್ದು ಸ್ವಲ್ಪ ಕಾಲ ಚೆನ್ನಾಗಿ ಕಂಡು, ದೂರದ್ದು ಮಸುಕಾಗುತ್ತದೆ.

ಪೊರೆ ಎಂದರೆ ಕಣ್ಣಿನ ಮೇಲೆ ಹೊರಗಿನಿಂದ ಬೆಳೆಯುವ ಚರ್ಮ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅಲ್ಲ. ಕಣ್ಣಿನ ಕಪ್ಪು ಗುಡ್ಡೆಯ ಹಿಂದೆ ಗಾಜಿನಂಥ ಒಂದು ಮಸೂರ ಇದೆ. ಪ್ರಾಯದಲ್ಲಿ ಅದು ನೀರಿನ ಹಾಗೆ ತಿಳಿ. ವಯಸ್ಸಾದಂತೆ ಅದೇ ಹಳದಿಯಾಗಿ, ಕಂದಾಗಿ, ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಮತ್ತೆ ತಿಳಿಯಾಗುತ್ತದೆಯೇ? ಇದೂ ಹಾಗೆ. ಅದಕ್ಕೇ ಯಾವ ಡ್ರಾಪ್ಸು, ಯಾವ ಸೊಪ್ಪಿನ ರಸದಿಂದಲೂ ಪೊರೆ ಕರಗುವುದಿಲ್ಲ. ಎಲೆರಸ, ಜೇನು ಎಂದು ಕಣ್ಣಿಗೆ ಹಾಕಿದರೆ ಹುಣ್ಣಾಗುವ ಅಪಾಯ ಬೇರೆ.

ನನಗೆ ಚೂರಿಯ ಕಲೆ ಕಾಣದಿದ್ದುದಕ್ಕೆ ಕಾರಣ ಇದೇ. ಹಳದಿಗಟ್ಟಿದ ಮಸೂರ ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಮೈಲುತುತ್ತಿನ ನೀಲಿ, ಸುಣ್ಣದ ಬಿಳುಪು, ತಾಮ್ರದ ತೆಳು ಕೆಂಪು ಎಲ್ಲ ಒಂದೇ ಮಾಸಲು ಬಣ್ಣ.

ಅಮ್ಮನ ಕಣ್ಣು

ಹಾಗಾದರೆ ಎರಡು ವರ್ಷ ಯಾಕೆ ಸುಮ್ಮನಿದ್ದೆ? "ಪೊರೆ ಹಣ್ಣಾಗದೆ ತೆಗೆಯಬಾರದು" ಎಂಬ ಮಾತು ತಲೆಯಲ್ಲಿ ಕೂತಿತ್ತು. ಈ ಮಾತಿಗೆ ನಮ್ಮ ಮನೆ ಒಮ್ಮೆ ದಂಡ ತೆತ್ತಿದೆ. ಬರೆಯಲು ಕಷ್ಟ. ಆದರೂ ಬರೆಯುತ್ತೇನೆ, ಇನ್ನೊಂದು ಮನೆಗೆ ಉಪಯೋಗಕ್ಕೆ ಬರಲಿ.

1997ರಲ್ಲಿ ಅಮ್ಮನನ್ನು ಒಂದು ಶಿಬಿರಕ್ಕೆ ಕರೆದೊಯ್ದಿದ್ದೆ. ಬಲಗಣ್ಣಿನಲ್ಲಿ ಪೊರೆ ಇದೆ, ಹಣ್ಣಾಗಿಲ್ಲ, ಮುಂದಿನ ವರ್ಷ ಬನ್ನಿ ಎಂದರು. ಮುಂದಿನ ವರ್ಷ ಅಡಿಕೆ ಕೊಯ್ಲು. ಅದರ ಮುಂದಿನ ವರ್ಷ ತಂಗಿಯ ಮದುವೆ. ಅಮ್ಮನೂ ಕೇಳಲಿಲ್ಲ. "ಇನ್ನೊಂದು ಕಣ್ಣು ಕಾಣ್ತದಲ್ಲ, ಸಾಕು" ಎನ್ನುತ್ತಿದ್ದಳು. ಬಲಗಣ್ಣಿನ ಪಾಪೆ ಹಾಲಿನ ಹಾಗೆ ಬೆಳ್ಳಗಾಗಿತ್ತು. ಈಗ ಹಣ್ಣಾಯಿತು, ಬೇಸಿಗೆಯಲ್ಲಿ ಹೋದರಾಯಿತು ಎಂದುಕೊಂಡೆವು.

2000ದ ಮಳೆಗಾಲದ ಒಂದು ರಾತ್ರಿ ಅಮ್ಮನಿಗೆ ವಿಪರೀತ ತಲೆನೋವು, ವಾಂತಿ. ಕಣ್ಣು ಕೆಂಡದ ಹಾಗೆ ಕೆಂಪು. ಪಿತ್ತ ಎಂದುಕೊಂಡು ಕಷಾಯ ಕೊಟ್ಟೆವು. ಆಸ್ಪತ್ರೆಗೆ ತಲುಪಿದ್ದು ನಾಲ್ಕನೆಯ ದಿನ. ತೀರಾ ಬಲಿತ ಪೊರೆ ಉಬ್ಬಿದರೆ, ಅಥವಾ ಅದರ ದ್ರವ ಒಳಗೇ ಸೋರಿದರೆ, ಕಣ್ಣಿನೊಳಗಿನ ನೀರು ಹೊರಗೆ ಹೋಗುವ ದಾರಿ ಕಟ್ಟುತ್ತದೆ. ಕಣ್ಣಿನ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ದೃಷ್ಟಿನರ ಸಾಯುತ್ತದೆ. ಪೊರೆ ತೆಗೆದರು, ನೋವು ಹೋಯಿತು. ದೃಷ್ಟಿ ಬರಲಿಲ್ಲ. ಸತ್ತ ನರ ಮತ್ತೆ ಚಿಗುರುವುದಿಲ್ಲ. ಅಮ್ಮ ಇನ್ನೂ 11 ವರ್ಷ ಒಂದೇ ಕಣ್ಣಿನಲ್ಲಿ ಬದುಕಿದಳು. ಒಂದು ದಿನವೂ ನನ್ನನ್ನು ದೂರಲಿಲ್ಲ. ಇದೆಲ್ಲ ಕಂಡೂ ನನ್ನ ಕಣ್ಣಿಗೆ ಬಂದಾಗ ನಾನು ಕಾದೆನಲ್ಲ, ಅದಕ್ಕೆ ಏನು ಹೇಳಲಿ?

ಆ ಮಾತು ಒಂದು ಕಾಲಕ್ಕೆ ಸರಿಯಿತ್ತು

ಹಣ್ಣಾಗಲಿ ಎಂದು ಹೇಳಿದವರು ಮೂರ್ಖರಲ್ಲ. ಹಳೆಯ ವಿಧಾನದಲ್ಲಿ ಮಸೂರವನ್ನು ಅದರ ಚೀಲ ಸಮೇತ ಇಡಿಯಾಗಿ ಹೊರಗೆ ಎಳೆಯುತ್ತಿದ್ದರು. ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಆಮೇಲೆ ಹತ್ತು ನಂಬರಿನ ಆಸುಪಾಸಿನ ದಪ್ಪ ಕನ್ನಡಕವೇ ಗತಿ. ನಮ್ಮ ಅಜ್ಜನಿಗೆ ಅಂಥದ್ದೊಂದು ಸೋಡಾಬುಡ್ಡಿ ಇತ್ತು. ಅದರಲ್ಲಿ ನೋಡಿದರೆ ಎಲ್ಲವೂ ಕಾಲು ಪಾಲು ದೊಡ್ಡದು, ಮತ್ತು ಹತ್ತಿರ. ಲೋಟ ತೆಗೆಯಲು ಹೋದರೆ ಅಜ್ಜನ ಕೈ ಲೋಟದಿಂದ ಈಚೆಗೇ ನಿಲ್ಲುತ್ತಿತ್ತು. ಪಕ್ಕದಿಂದ ದನ ಬಂದರೆ ಕಾಣುತ್ತಿರಲಿಲ್ಲ. ಹೀಗಿರುವಾಗ ಇದ್ದ ದೃಷ್ಟಿಯಲ್ಲಿ ಕೆಲಸ ಸಾಗುವಷ್ಟು ದಿನ ಸಾಗಲಿ ಎಂದು ಕಾಯುವುದೇ ಜಾಣತನವಾಗಿತ್ತು.

ಆ ಕಾಲದಲ್ಲಿ ಅದೂ ದೊಡ್ಡ ಉಪಕಾರವೇ. 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಲೆಕ್ಕವಿಲ್ಲದಷ್ಟು ಬಡವರ ಪೊರೆ ತೆಗೆದರು. ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರಿಗೆ ಅವರ ಹೆಸರು ಇಂದಿಗೂ ನೆನಪಿದೆ.

ಲೆಕ್ಕ ಬದಲಾದದ್ದು ಕಣ್ಣಿನೊಳಗೇ ಲೆನ್ಸ್ ಇಡಲು ಶುರುವಾದ ಮೇಲೆ. ಅದರ ಕತೆ ಚೆನ್ನಾಗಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿಯ ಅಕ್ರಿಲಿಕ್ ಪ್ಲಾಸ್ಟಿಕ್ ಚೂರುಗಳು ಕೆಲವು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಕಣ್ಣು ಅವುಗಳನ್ನು ದೂರ ತಳ್ಳದೆ ಸುಮ್ಮನೆ ಇಟ್ಟುಕೊಂಡಿತು. ಇದನ್ನು ಗಮನಿಸಿದ ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ, 1949ರಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸ್ ಮಾಡಿ ಒಬ್ಬರ ಕಣ್ಣಿನೊಳಗೆ ಇಟ್ಟರು. ಮೊದಲು ಬೈದವರೇ ಹೆಚ್ಚು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಹಲ್ಲಿನ ಡಾಕ್ಟರು ಬಳಸುವ ಕಂಪನದ ಯಂತ್ರ ನೋಡಿ, ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿ ತೆಗೆಯುವ ವಿಧಾನ ಕಂಡುಹಿಡಿದರು. ಫೇಕೋ ಎಂದು ಕರೆಯುವುದು ಇದನ್ನೇ.

ಆದರೆ ವಿದೇಶದ ಲೆನ್ಸ್ ನಮ್ಮಂಥವರಿಗೆ ಎಟಕುವ ಬೆಲೆಯದ್ದಾಗಿರಲಿಲ್ಲ. ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಶುರುಮಾಡಿದ ಅರವಿಂದ ಕಣ್ಣಾಸ್ಪತ್ರೆಯ ಬಳಗವು 1992ರಲ್ಲಿ ಅರೋಲ್ಯಾಬ್ ಎಂಬ ಘಟಕ ಕಟ್ಟಿ, ಲೆನ್ಸನ್ನು ಇಲ್ಲೇ ತಯಾರಿಸಿ ಬೆಲೆ ಇಳಿಸಿತು. ಇಂದು ಬಡವರಿಗೆ ಉಚಿತವಾಗಿ ಲೆನ್ಸ್ ಹಾಕುವುದು ಸಾಧ್ಯವಾದದ್ದರಲ್ಲಿ ಇಂಥವರ ಪಾಲು ದೊಡ್ಡದು.

ಹಾಗಾಗಿ ಈಗ ಯಾವಾಗ ತೆಗೆಸಬೇಕು? ನಾನು ಕೇಳಿದ್ದಕ್ಕೆ ಡಾಕ್ಟರು ಹೇಳಿದರು: "ನಿಮ್ಮ ಕೆಲಸಕ್ಕೆ ಅಡ್ಡಿಯಾದಾಗ. ಅಡಿಕೆ ಬಲಿತರೆ ರೇಟು, ಪೊರೆ ಬಲಿತರೆ ಕಷ್ಟ." ಗಟ್ಟಿಯಾದ ಪೊರೆಯನ್ನು ಒಡೆಯಲು ಹೆಚ್ಚು ಹೊತ್ತು, ಹೆಚ್ಚು ಶಕ್ತಿ ಬೇಕು. ಕಣ್ಣಿಗೆ ಪೆಟ್ಟೂ ಹೆಚ್ಚು. ಹಾಗೆಂದು ಪೊರೆಯ ಹೆಸರು ಕೇಳಿದ ಕೂಡಲೇ ಓಡಬೇಕೆಂದೂ ಇಲ್ಲ. ಕೆಲಸ ಸಾಗುತ್ತಿದ್ದರೆ ಆಗಾಗ ತೋರಿಸಿಕೊಂಡು ಇರಬಹುದು.

ಆಪರೇಷನ್‌ಗೆ ಮೊದಲು

ಕಣ್ಣಿನ ಹಿಂದಿನ ಪರದೆ, ಒತ್ತಡ, ಸಕ್ಕರೆ, ರಕ್ತದೊತ್ತಡ ನೋಡಿದರು. ಪರದೆ ನೋಡುವುದು ಮುಖ್ಯ. ಸಕ್ಕರೆ ಕಾಯಿಲೆಯಿಂದ ಪರದೆಯೇ ಹಾಳಾಗಿದ್ದರೆ ಪೊರೆ ತೆಗೆದರೂ ಪೂರ್ತಿ ದೃಷ್ಟಿ ಬರುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಆಮೇಲೆ ಆಪರೇಷನ್ ಕೆಟ್ಟಿತು ಎಂದು ಕೊರಗುವುದು ತಪ್ಪುತ್ತದೆ.

ಆಮೇಲೆ ಕಣ್ಣಿನ ಅಳತೆ. ಚಪ್ಪಲಿಯ ಹಾಗೆ ಲೆನ್ಸಿಗೂ ನಂಬರು ಉಂಟು. ಒಬ್ಬರದ್ದು ಇನ್ನೊಬ್ಬರಿಗೆ ಆಗದು. ಕಣ್ಣಿನ ಉದ್ದದ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರಿನಲ್ಲಿ ಎರಡೂವರೆ, ಮೂರರಷ್ಟು ವ್ಯತ್ಯಾಸ ಬಂದೀತು. ಅಳತೆ ಮಾಡುವಾಗ ಅಲ್ಲಾಡದೆ ಕೂರಬೇಕು.

ಒಂದು ವಿಷಯ ನಮ್ಮ ಪ್ರಾಯದ ಗಂಡಸರಿಗೆ. ಮೂತ್ರ ಕಟ್ಟುವ ತೊಂದರೆಗೆ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಬಹಳ ಜನ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಳ್ಳುತ್ತಿದ್ದೆ. ಈ ಮಾತ್ರೆಯಿಂದ ಪಾಪೆಯ ಸ್ನಾಯು ಸಡಿಲವಾಗಿ, ಆಪರೇಷನ್ ಮಧ್ಯೆ ಪಾಪೆ ಕುಗ್ಗಬಹುದು. ಹಿಂದೆ ಯಾವಾಗಲೋ ತೆಗೆದುಕೊಂಡು ನಿಲ್ಲಿಸಿದ್ದರೂ ಹೇಳಬೇಕು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ಬೇಕಾದ ತಯಾರಿ ಮಾಡಿಕೊಳ್ಳುತ್ತಾರೆ. ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗುವುದೇ ಸುಲಭ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಯಾವ ಲೆನ್ಸ್?

ಇಲ್ಲಿ ತಲೆ ಕೆಡುತ್ತದೆ. ಗಟ್ಟಿ ಲೆನ್ಸ್, ಮಡಚುವ ಲೆನ್ಸ್, ದೂರ-ಹತ್ತಿರ ಎರಡೂ ಕಾಣುವ ದುಬಾರಿ ಲೆನ್ಸ್ ಎಂದು ಪಟ್ಟಿ ಕೊಟ್ಟರು. ನಾನು ದೂರಕ್ಕೆ ಮಾತ್ರ ಹೊಂದುವ, ಮಡಚುವ ಸಾದಾ ಲೆನ್ಸ್ ಹಾಕಿಸಿದೆ. ಎರಡೂ ಕಾಣುವ ಲೆನ್ಸಿನಲ್ಲಿ ರಾತ್ರಿ ದೀಪದ ಸುತ್ತ ಬಳೆಯ ಹಾಗೆ ಕಾಣಬಹುದು, ಮಂದ ಬೆಳಕಿನಲ್ಲಿ ಸ್ಪಷ್ಟತೆ ಸ್ವಲ್ಪ ಕಡಿಮೆ ಎಂದರು. ತೋಟದ ನೆರಳಿನಲ್ಲಿ ಕೆಲಸ ಮಾಡುವವನಿಗೆ ಅದು ಬೇಡ ಅನಿಸಿತು. ಓದಲಿಕ್ಕೆ ಕನ್ನಡಕ ಹಾಕಿದರಾಯಿತು.

ನಮ್ಮ ತೋಟಕ್ಕೆ ಬರುವ ಅಡಿಕೆ ಸುಲಿಯುವವರೊಬ್ಬರಿಗೆ ಅದೇ ವರ್ಷ ಉಚಿತವಾಗಿ ಆಪರೇಷನ್ ಆಯಿತು. ಅವರದ್ದು ಫೇಕೋ ಅಲ್ಲ, ಸಣ್ಣ ಗಾಯದ ವಿಧಾನ. ಆರೇಳು ಮಿಲಿಮೀಟರ್ ಗಾಯ, ತಾನಾಗಿ ಮುಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಹೊಲಿಗೆ ಇಲ್ಲ. ಫೇಕೋದಲ್ಲಿ ಗಾಯ ಸುಮಾರು ಮೂರು ಮಿಲಿಮೀಟರ್. ನನಗೆ ಒಂದೆರಡು ವಾರ ಬೇಗ ವಾಸಿಯಾಯಿತು, ಅಷ್ಟೇ. ಈಗ ಇಬ್ಬರಿಗೂ ಒಂದೇ ರೀತಿ ಕಾಣುತ್ತದೆ. ದುಡ್ಡಿಲ್ಲ ಎಂದು ಆಪರೇಷನ್ ಮುಂದೂಡುವುದು, ಅಥವಾ ದುಬಾರಿ ಲೆನ್ಸಿಗಾಗಿ ಸಾಲ ಮಾಡುವುದು, ಎರಡೂ ಬೇಡ. ಸರಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ಇದೆ. ಅದರಡಿ ಸರಕಾರಿ ಆಸ್ಪತ್ರೆಗಳಲ್ಲಿ ಮತ್ತು ಕೆಲವು ಸೇವಾಸಂಸ್ಥೆಗಳ ಆಸ್ಪತ್ರೆಗಳಲ್ಲಿ ಲೆನ್ಸ್ ಸಹಿತ ಉಚಿತವಾಗಿ ಮಾಡುತ್ತಾರೆ. ಶಿಬಿರದಲ್ಲಿ ತಪಾಸಣೆ ಮಾಡಿ, ಆಪರೇಷನ್‌ಗೆ ಆಸ್ಪತ್ರೆಗೇ ಕರೆದೊಯ್ಯುವುದು ಈಗಿನ ಕ್ರಮ. ಶಾಲೆಯ ಬೆಂಚಿನ ಮೇಲೆ ಮಾಡುವ ಕಾಲ ಹೋಯಿತು.

ಕಾಲ ಯಾವುದು?

ಚಳಿಗಾಲವೇ ಆಗಬೇಕು, ಮಳೆಗಾಲದಲ್ಲಿ ಆಗದು ಎಂಬುದು ಹಳೆಯ ನಂಬಿಕೆ. ಈಗ ಯಾವ ಕಾಲದಲ್ಲೂ ಆಗುತ್ತದೆ. ನೋಡಬೇಕಾದ್ದು ನಮ್ಮ ಕೆಲಸದ ಕ್ಯಾಲೆಂಡರ್. ಅಡಿಕೆ ಕೃಷಿಕರಿಗೆ ಮೇ-ಜೂನ್ ಮತ್ತು ಜುಲೈ ಮದ್ದು ಬಿಡುವ ಸಮಯ. ನವೆಂಬರದಿಂದ ಕೊಯ್ಲು, ಒಣಗಿಸುವುದು, ಧೂಳು. ಮಧ್ಯೆ ಸಿಗುವ ಬಿಡುವು ಸೆಪ್ಟೆಂಬರ್-ಅಕ್ಟೋಬರ್. 2022ರ ಚೌತಿ ಕಳೆದ ಮೇಲೆ ನನ್ನ ಬಲಗಣ್ಣು, ಐದು ವಾರ ಬಿಟ್ಟು ಎಡಗಣ್ಣು ಆಯಿತು.

ಆಪರೇಷನ್ ಹೆದರುವಂಥದ್ದಲ್ಲ. ಪ್ರಜ್ಞೆ ತಪ್ಪಿಸುವುದಿಲ್ಲ, ಕಣ್ಣು ಮಾತ್ರ ಮರಗಟ್ಟಿಸುತ್ತಾರೆ. ಬೆಳಕು ಕಾಣುತ್ತದೆ, ನೀರು ಹರಿದ ಹಾಗೆ ಅನಿಸುತ್ತದೆ. ಕೆಮ್ಮು ಬಂದರೆ ಮೊದಲೇ ಹೇಳಬೇಕು, ತಲೆ ಅಲ್ಲಾಡಿಸಬಾರದು. ಒಂದು ಚಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಸಂಜೆ ಮನೆಗೆ ಬಂದೆ.

ಕಷ್ಟ ಇರುವುದು ಆಮೇಲೆ. ಸುಮ್ಮನೆ ಕೂರುವುದು ನಮಗೆ ಅಭ್ಯಾಸ ಇಲ್ಲವಲ್ಲ! ಡ್ರಾಪ್ಸು ಸುಮಾರು ಆರು ವಾರ, ವಾರ ಕಳೆದಂತೆ ಕಡಿಮೆ ಮಾಡುತ್ತ ಬರುವುದು. ಹೆಂಡತಿ ಗೋಡೆಗೆ ಪಟ್ಟಿ ಅಂಟಿಸಿ ಗೀಟು ಹಾಕುತ್ತಿದ್ದಳು. ತಲೆಗೆ ಸ್ನಾನ ಇಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕುವುದು, ಹಟ್ಟಿ ಗೊಬ್ಬರ ತೆಗೆಯುವುದು, ಭಾರ ಎತ್ತುವುದು, ಮದ್ದು ಕಲಸುವುದು ಯಾವುದೂ ಇಲ್ಲ. ರಾತ್ರಿ ಕಣ್ಣಿಗೆ ಮುಚ್ಚಳ. ಎಷ್ಟು ದಿನ ಎಂಬುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಡ್ರಾಪ್ಸ್ ಮುಟ್ಟುವ ಮೊದಲು ಸಾಬೂನಿನಲ್ಲಿ ಕೈ ತೊಳೆಯಲೇಬೇಕು.

ನೋವು ಹೆಚ್ಚಿದರೆ, ಕೆಂಪು ಏರಿದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ ನಾಳೆ ನೋಡುವ ಎನ್ನಬೇಡಿ. ಅದೇ ದಿನ ಆಪರೇಷನ್ ಆದ ಆಸ್ಪತ್ರೆಗೆ ಹೋಗಿ. ಒಳಗೆ ಸೋಂಕಾಗುವುದು ಅಪರೂಪ. ಆದರೆ ಆದರೆ ಗಂಟೆಗಳ ಲೆಕ್ಕ.

ಎರಡು ಕಣ್ಣಿಗೆ ಎರಡು ಅಂಗಳ

ಪಟ್ಟಿ ಬಿಚ್ಚಿದ ಮರುದಿನ ಅಂಗಳದಲ್ಲಿ ನಿಂತು ಎಡಗಣ್ಣು ಮುಚ್ಚಿದೆ, ಆಮೇಲೆ ಬಲಗಣ್ಣು ಮುಚ್ಚಿದೆ. ಆಪರೇಷನ್ ಆದ ಕಣ್ಣಿನಲ್ಲಿ ಗೋಡೆಯ ಸುಣ್ಣ ಬಿಳಿ, ಆಕಾಶ ನೀಲಿ. ಆಗದ ಕಣ್ಣಿನಲ್ಲಿ ಅದೇ ಗೋಡೆ ಅರಶಿನ ನೀರು ಚೆಲ್ಲಿದ ಹಾಗೆ. ಚಾಲಿ ಗೋಣಿಯಿಂದ ಒಂದು ಹಿಡಿ ತೆಗೆದು ನೋಡಿದೆ. ಬಿಳುಪು ಇಲ್ಲ ಎಂದು ನಾನೇ ಕಡಿಮೆ ದರ್ಜೆಗೆ ಹಾಕಿಟ್ಟ ಅಡಿಕೆ ಅದು. ಚೆನ್ನಾಗಿಯೇ ಇತ್ತು. ಎರಡು ವರ್ಷ ಹೀಗೆ ಎಷ್ಟು ಕೊಟ್ಟೆನೋ, ಲೆಕ್ಕ ಹಾಕಲು ಹೋಗಲಿಲ್ಲ.

ತಕರಾರುಗಳೂ ಉಂಟು. ಸೊಳೆ ಎಣಿಸಲು, ಪೇಪರ್ ಓದಲು ಕನ್ನಡಕ ಬೇಕು. ಮೊದಲ ಕೆಲವು ದಿನ ಬಿಸಿಲು ಚುಚ್ಚುತ್ತದೆ. 2024ರಲ್ಲಿ ಬಲಗಣ್ಣು ಮತ್ತೆ ಸ್ವಲ್ಪ ಮಂಜಾಯಿತು. ಪೊರೆ ಮತ್ತೆ ಬಂತು ಎಂದು ಹೆದರಿದೆ. ತೆಗೆದ ಪೊರೆ ಮತ್ತೆ ಬರುವುದಿಲ್ಲ. ಲೆನ್ಸ್ ಇಟ್ಟ ಹಳೆಯ ಚೀಲದ ಹಿಂಬದಿ ಕೆಲವರಿಗೆ ಮಸುಕಾಗುತ್ತದೆ. ಲೇಸರಿನಿಂದ ಅದರಲ್ಲಿ ಸಣ್ಣ ಕಿಂಡಿ ಮಾಡಿದರು. ಕೆಲವೇ ನಿಮಿಷ, ನೋವಿಲ್ಲ, ಕೊಯ್ಯುವುದೂ ಇಲ್ಲ.

ಕೊನೆಗೆ ಒಂದು ವಿನಂತಿ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. ಅಮ್ಮನಿಗೆ ಆದದ್ದು ಅದೇ. ಈ ಪತ್ರಿಕೆ ಮಡಚಿ ಇಟ್ಟ ಮೇಲೆ ಅಂಗಳಕ್ಕೆ ಹೋಗಿ. ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ತುಸು ದೂರದ ಅಡಿಕೆ ಮರದ ಗೊನೆ ನೋಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಅದೇ ಗೊನೆ ನೋಡಿ. ಮನೆಯ ಹಿರಿಯರಿಗೂ ಇದನ್ನೇ ಮಾಡಿಸಿ. "ನಂಗೆ ಸಾಕಷ್ಟು ಕಾಣ್ತದೆ" ಎಂದು ಅವರು ಹೇಳಿದರೆ ನಂಬಬೇಡಿ. ಎರಡೂ ಒಂದೇ ರೀತಿ ಕಾಣದಿದ್ದರೆ ಮುಂದಿನ ಕೊಯ್ಲು ಮುಗಿಯಲಿ ಎನ್ನದೆ ಕಣ್ಣಿನ ಡಾಕ್ಟರಲ್ಲಿಗೆ ಹೊರಡಿ.

ಮದ್ದಿನ ಚೂರಿ ಪರೀಕ್ಷೆ ಈಗಲೂ ನಾನೇ ಮಾಡುತ್ತೇನೆ. ಆದರೆ ಅಲಗನ್ನು ಹೆಂಡತಿಗೂ ಒಮ್ಮೆ ತೋರಿಸಿದ ಮೇಲೆಯೇ ಡ್ರಮ್ಮಿಗೆ ಪೈಪು ಇಳಿಸುವುದು.